ಎಡಗೈ ಬರಹ

ಮಂಗಳವಾರ, ಚಿಕ್ಕಬಳ್ಳಾಪುರದ ದೊಡ್ಡಾಸ್ಪತ್ರೆ.
ಹದಿನಾಲ್ಕನೇ ರೂಮಿನಲ್ಲಿ ತಸ್ಮಿಯಾ ಮೇಡಂ ಕೇಳಿದರು:
"ನಿಮ್ಮೊಳಗೊಂದು ಮಗು ಇದೆ. ಅದಕ್ಕೆಷ್ಟು ವಯಸ್ಸು?"
ನಗು ಬಂತು. ಗರ್ಭಕೋಶ ತೆಗೆದು
ಆರು ವರ್ಷವಾಯಿತು ಮೇಡಂ, ಅಂದೆ.

ಅವರು ನಗಲಿಲ್ಲ. ಕಾದರು.
ಫ್ಯಾನಿನ ಗಾಳಿಗೆ ಮೇಜಿನ ಮೇಲೆ ನನ್ನ ಚೀಟಿ
ಎದ್ದೆದ್ದು ಬೀಳುತ್ತಿತ್ತು.
ಒಂಬತ್ತು, ಅಂದಿತು ಬಾಯಿ,
ನನ್ನನ್ನು ಕೇಳದೆ.

ನಾನು ಬಂದದ್ದು ಬೇರೆ ಕಾರಣಕ್ಕೆ.
ಮಗಳು ಬಾಣಂತಿ. ಮೊಮ್ಮಗು ಅತ್ತರೆ
ನನಗೆ ಕನಿಕರ ಬರುವುದಿಲ್ಲ, ಸಿಟ್ಟು ಬರುತ್ತದೆ.
ನಲವತ್ತು ದಿನದ ಕೂಸಿನ ಮೇಲೆ, ಸ್ವಾಮಿ!
ತೊಟ್ಟಿಲ ಹಗ್ಗ ಹಿಡಿದ ಕೈ ಬಿಗಿಯಾದದ್ದು
ಮಗಳ ಕಣ್ಣಿಗೆ ಬಿತ್ತು. ಏನೂ ಅನ್ನಲಿಲ್ಲ ಅವಳು.
ಮಗುವನ್ನೆತ್ತಿಕೊಂಡು ಒಳಗೆ ಹೋಗಿ
ಚಿಲಕ ಹಾಕಿಕೊಂಡಳು.
ಆ ಚಿಲಕದ ಸದ್ದಿಗೇ ನಾನು ಬಸ್ಸು ಹತ್ತಿದ್ದು.

ಚಿಕ್ಕಂದಿನ ಫೋಟೋ ತನ್ನಿ, ಅಂದರು. ಎಲ್ಲಿಂದ ತರಲಿ?
ಶಿಡ್ಲಘಟ್ಟದ ನಮ್ಮ ಓಣಿಯಲ್ಲಿ ಫೋಟೋ ಇದ್ದದ್ದು
ಮದುವೆಯಾಗುವವರಿಗೆ, ಸತ್ತವರಿಗೆ.
ಅಕ್ಕನ ಟ್ರಂಕಿನಲ್ಲೊಂದು ಸಿಕ್ಕಿತು, ಮೂರನೇ ಕ್ಲಾಸಿನದು.
ಅದರ ಅಂಚಿನಲ್ಲಿ ಅರ್ಧ ನಾನು:
ಒಂದು ಕಿವಿ, ಒಂದು ಜಡೆ,
ಬೆನ್ನ ಹಿಂದೆ ಬಚ್ಚಿಟ್ಟ ಕೈ.

ಆ ಕೈ ನನಗೆ ಗೊತ್ತು.

ಚಿಕ್ಕಪ್ಪನ ಚರಕದ ಮನೆ. ಕತ್ತಲಿರುವಾಗಲೇ ಒಲೆ.
ಕುದಿವ ನೀರಲ್ಲಿ ಗೂಡು ಮುಳುಗಿ, ತೇಲಿ, ಹೊರಳಿ.
ಎಳೆ ಹುಡುಕೋಕೆ ಸಣ್ಣ ಬೆರಳೇ ಬೇಕು ಅನ್ನುತ್ತಿದ್ದರು,
ಹೊಗಳಿದ ಹಾಗೆ.
ಬೆರಳ ತುದಿ ಬೆಂದು, ಬಿಳಿಚಿ, ಸುಲಿದು,
ಮತ್ತೆ ಚಿಗುರಿ, ಮತ್ತೆ ಬೆಂದು.
ಹುಳದ ನಾತ ಅನ್ನದ ತಟ್ಟೆಗೂ ಬಂದು ಕೂರುತ್ತಿತ್ತು.
ಕಣ್ಣು ತುಂಬಿದರೆ ಆಚೆ ಬೇಸಿನ್ನಿಂದ ಅಮ್ಮ:
"ಅಳಬ್ಯಾಡ ಕಣೆ ಮುನಿಲಚ್ಚಿ,
ಕೈ ನಡುಗಿದ್ರೆ ಎಳೆ ಹರೀತೈತೆ."

ಬೈದದ್ದಲ್ಲ ಅದು. ಅವಳ ಬೆರಳೂ ನೀರಲ್ಲೇ ಇತ್ತು.
ಅದಕ್ಕೇ ಇರಬೇಕು, ಇಷ್ಟು ವರ್ಷ
ಯಾರ ಮೇಲೆ ಸಿಟ್ಟಾಗಬೇಕೋ ತಿಳಿಯಲಿಲ್ಲ.

ಇನ್ನೊಂದು ಮಂಗಳವಾರ ಮೇಡಂ ಚಿಟ್ಟೆಯ ಮಾತು ತೆಗೆದರು.
ಗೂಡೊಡೆದು, ರೆಕ್ಕೆ ಬಿಚ್ಚಿ, ಹೀಗೆ.
ನಮ್ಮೂರಿನವರಿಗೆ ಅದನ್ನು ಹೇಳಬೇಡಿ ಮೇಡಂ, ಅಂದೆ.
ಚಿಟ್ಟೆಯಾದರೆ ಗೂಡು ತೂತು, ತೂತಾದರೆ ನೂಲಿಲ್ಲ.
ನಾವು ಅಷ್ಟು ದಿನ ಬಿಡುವುದಿಲ್ಲ.
ಅವರು ಪೆನ್ನಿನ ಕ್ಯಾಪು ಮುಚ್ಚಿದರು.
ಸಾರಿ, ಅಂದರು.
ನನ್ನ ಮಗಳ ವಯಸ್ಸಿನ ಹುಡುಗಿ. ಆದರೂ ಒಳಗೆ ಯಾರೋ
ತಲೆಯೆತ್ತಿ ನೋಡಿದಂತಾಯಿತು.

ಮನೆಪಾಠ ಕೊಟ್ಟರು:
ಬಲಗೈಯಲ್ಲಿ ನೀವು ಕೇಳಿ, ಎಡಗೈಯಲ್ಲಿ ಅವಳು ಬರೆಯಲಿ.
ಹಾಲಿನ ಲೆಕ್ಕದ ಪುಸ್ತಕ, ಕೊನೆಯ ಹಾಳೆ.
ಎಲ್ಲ ಮಲಗಿದ ಮೇಲೆ, ಕಳ್ಳಿಯ ಹಾಗೆ.
ಊಟ ಆಯಿತಾ? ಎಂದು ಬರೆದೆ,
ಬೇರೇನು ಕೇಳಬೇಕೋ ತಿಳಿಯದೆ.
ಎಡಗೈ ಸುಮ್ಮನಿತ್ತು.
ಮೂರು ರಾತ್ರಿ ಸುಮ್ಮನಿತ್ತು.
ನಾಲ್ಕನೆಯ ರಾತ್ರಿ, ಸಾಲು ಓರೆಯೇರಿ,
ಹುಳ ಹರಿದಂಥ ಅಕ್ಷರ, ದೀರ್ಘ ಬಿಟ್ಟು:

ನಿರು ಬಿಸಿ

ಅಷ್ಟೇ.
ಸಮಾಧಾನದ ಮಾತು ನನಗೆ ಬಾರದು.
ಎದ್ದು, ಕೊಡದಿಂದ ಒಂದು ಬೋಗುಣಿ ತಣ್ಣೀರು ತಂದು
ಎರಡೂ ಕೈ ಇಳಿಬಿಟ್ಟು ಕೂತೆ.
ಎಷ್ಟು ಹೊತ್ತೋ.

ಒಳಗೆ ಮೊಮ್ಮಗು ಶುರು ಮಾಡಿತು.
ಹಲ್ಲು ಕಚ್ಚಿಕೊಂಡೆ, ಸುಳ್ಳು ಯಾಕೆ ಹೇಳಲಿ.
ಒದ್ದೆ ಕೈ ಸೆರಗಿಗೊರೆಸಿ ಬಾಗಿಲ ಬಳಿ ಹೋದೆ.
ಚಿಲಕ ಹಾಕಿತ್ತು.
ಈಚೆಯಿಂದಲೇ, ಯಾರಿಗೆಂದು ನನಗೇ ತಿಳಿಯದೆ, ಅಂದೆ:
ಅಳು ಕಣೆ, ಅಳು.
ಎಳೆ ಹರಿದ್ರೆ ಹರೀಲಿ.
ಗಂಟು ಹಾಕಾಕೆ ನಂಗೆ ಬರ್ತೈತೆ.